ಡ್ರೈವರ್ ಅಣ್ಣನ ಹದಿಮೂರು ಗಂಟೆ

ಕಳೆದ ದಸರಾ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಹಿರೀಸಾವೆಗೆ ಬಂದಿದ್ದ. ಆರನೇ ತರಗತಿ ಹುಡುಗ, ಬಾಯಿ ತುಂಬ ಪ್ರಶ್ನೆ. ಅವನನ್ನು ಕರೆದುಕೊಂಡು ನೆಂಟರ ಹಳ್ಳಿಗೆ ಹೋಗಿ ಒಂದು ರಾತ್ರಿ ಉಳಿದಿದ್ದೆ. ಮೊದಲ ಬಸ್ಸಿಗೇ ವಾಪಸ್ ಹೊರಡೋಣವೆಂದು ಬೆಳಗ್ಗೆ ಬೇಗ ಎದ್ದು ಅರಳಿಕಟ್ಟೆ ಹತ್ತಿರ ಬಂದೆವು. ಬಸ್ಸು ಅಲ್ಲೇ ನಿಂತಿತ್ತು. ರಾತ್ರಿ ಬಂದು, ಹಳ್ಳಿಯಲ್ಲೇ ಉಳಿದು, ಬೆಳಗ್ಗೆ ಹೊರಡುವ ಬಸ್ಸು. ನಾವದನ್ನು ನೈಟ್ ಹಾಲ್ಟ್ ಬಸ್ಸು ಎನ್ನುತ್ತೇವೆ.

ಒಳಗೆ ದೀಪ ಹತ್ತಿತು. ಡ್ರೈವರ್ ಹಾಸಿಕೊಂಡಿದ್ದ ಜಮಖಾನ ಮಡಿಸಿ ಸೀಟಿನ ಹಿಂದೆ ಇಟ್ಟು, ಕೆಳಗಿಳಿದು ಬಾಟಲಿ ನೀರಿನಲ್ಲಿ ಮುಖ ತೊಳೆದರು. ಮೊಮ್ಮಗ ನನ್ನ ಕೈ ಜಗ್ಗಿದ.

“ತಾತ, ಇವರು ರಾತ್ರಿ ಮನೆಗೆ ಹೋಗಲ್ವಾ?”

“ಇಲ್ಲ ಮಗ. ಈ ಬಸ್ಸಿಗೆ ಬಂದವರು ಇಲ್ಲೇ ಮಲಗ್ತಾರೆ.”

“ಹಂಗಾದ್ರೆ ಮಲಗಿದ್ದೂ ಡ್ಯೂಟೀನಾ? ಅದಕ್ಕೂ ದುಡ್ಡು ಕೊಡ್ತಾರಾ?”

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ದುಡ್ಡಿನ ಲೆಕ್ಕ ಬರೆದವನು ನಾನು. ಈ ಪ್ರಶ್ನೆಗೆ ತಟ್ಟನೆ ಉತ್ತರ ಬರಲಿಲ್ಲ. ಡ್ರೈವರ್ ಕೇಳಿಸಿಕೊಂಡು ನಕ್ಕರು. “ಒಳ್ಳೇ ಪ್ರಶ್ನೆ ಕಣಪ್ಪ. ನಮ್ಮ ಮನೇಲೂ ಇದನ್ನೇ ಕೇಳ್ತಾರೆ” ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡು ಸೀಟು ಹತ್ತಿದರು.

ಮನೆಗೆ ಬಂದ ಮೇಲೆ ಟ್ರಂಕು ತೆಗೆದು ಒಂದು ಹಳೆಯ ಪುಸ್ತಕ ಹುಡುಕಿದೆ. ನೀಲಿ ರಟ್ಟಿನ ಚಿಕ್ಕ ನೋಟ್‌ಬುಕ್ಕು. ನಮ್ಮಣ್ಣನದು. ಅಣ್ಣನೂ ಬಸ್ ಡ್ರೈವರಾಗಿದ್ದ. ಮೊಮ್ಮಗನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಪುಸ್ತಕದಿಂದಲೇ ಶುರುಮಾಡಬೇಕು.

ನೀಲಿ ರಟ್ಟಿನ ಪುಸ್ತಕ

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ಬೇಗ ಹೋದರು. ಅಣ್ಣ ಹದಿನಾಲ್ಕಕ್ಕೇ ಬಸ್ಸಿನ ಕ್ಲೀನರ್ ಆಗಿ ಸೇರಿ, ಆಮೇಲೆ ಡ್ರೈವರ್ ಆದ. ನಾನು ಬಿ.ಕಾಂ. ಓದಿದ್ದು ಅವನ ಸಂಬಳದಲ್ಲಿ. 1974ರಲ್ಲಿ ನನಗೆ ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಣ್ಣ ಓಡಿಸುತ್ತಿದ್ದುದು ಒಂದು ಪ್ರೈವೇಟ್ ಬಸ್ಸು. ಮಾಲೀಕರಿಗೆ ಎರಡು ಬಸ್ಸಿದ್ದವು.

ಬೆಳಗ್ಗೆ 5ಕ್ಕೆ ಬಸ್ಸು ಹೊರಡಬೇಕು. ಸಂತೆ ಊರುಗಳನ್ನೆಲ್ಲ ಸುತ್ತಿ ರಾತ್ರಿ 9ಕ್ಕೆ ನಿಲ್ಲಬೇಕು. ಮಧ್ಯಾಹ್ನ ಪಟ್ಟಣದಲ್ಲಿ ಮೂರು ಗಂಟೆ ಬಿಡುವು. ಬಿಡುವು ಎಂದರೆ ಬಸ್ಸಿನ ನೆರಳಲ್ಲಿ ಟವೆಲ್ ಹಾಸಿ ಮಲಗುವುದು. ವಾರಕ್ಕೊಂದು ದಿನ ಬಸ್ಸು ಓಡುತ್ತಿರಲಿಲ್ಲ. ಆ ದಿನವೂ ಅಣ್ಣ ಬಸ್ಸು ತೊಳೆದು, ಗ್ರೀಸ್ ಹಚ್ಚಿಸಿ ಬರುತ್ತಿದ್ದ. ಹೊರಟ ಹೊತ್ತು, ನಿಂತ ಹೊತ್ತು, ಎರಡನ್ನೂ ದಿನಾ ಆ ನೀಲಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ಯಾಕೆಂದು ನಾನು ಕೇಳಿರಲಿಲ್ಲ.

1977ರ ಡಿಸೆಂಬರ್ 31. ಆಗ ಬ್ಯಾಂಕುಗಳಿಗೆ ಜೂನ್ ಕೊನೆಗೆ, ಡಿಸೆಂಬರ್ ಕೊನೆಗೆ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಕೆಲಸ. ಕಂಪ್ಯೂಟರ್ ಇಲ್ಲದ ಕಾಲ. ಪ್ರತಿ ಉಳಿತಾಯ ಖಾತೆಯ ಬಡ್ಡಿಯನ್ನೂ ಕೈಯಲ್ಲೇ ಕಟ್ಟಿ, ಲೆಡ್ಜರ್ ತಾಳೆ ನೋಡಬೇಕು. ನಡುರಾತ್ರಿ ದಾಟಿದರೂ ನಮಗೆ ಬೇಸರವಿರಲಿಲ್ಲ. ಕೆಲಸದ ವೇಳೆ ಮೀರಿದ ಅರ್ಧ ಗಂಟೆಗೂ ರಿಜಿಸ್ಟರಿನಲ್ಲಿ ಲೆಕ್ಕವಿತ್ತು, ಆ ಲೆಕ್ಕಕ್ಕೆ ದುಡ್ಡಿತ್ತು. ಆ ಸಲದ ಓವರ್‌ಟೈಮ್ ಹಣದಲ್ಲಿ ನಾನು ಎಚ್‌ಎಂಟಿ ಕೈಗಡಿಯಾರ ಕೊಂಡೆ.

ಅದೇ ಜನವರಿಯಲ್ಲಿ ಒಂದು ರಾತ್ರಿ, ಕೊನೆಯ ಟ್ರಿಪ್ಪಿನಲ್ಲಿ, ಕೆರೆ ಏರಿ ದಾಟುವಾಗ ಅಣ್ಣನ ಕಣ್ಣು ಮುಚ್ಚಿಕೊಂಡಿತು. ಬಸ್ಸು ರಸ್ತೆ ಬಿಟ್ಟು ಕೆಳಗಿಳಿದು ರಾಗಿ ಕಣದೊಳಗೆ ನುಗ್ಗಿ, ಹುಲ್ಲಿನ ಮೆದೆಗೆ ಗುದ್ದಿ ನಿಂತಿತು. ಒಬ್ಬ ಅಜ್ಜಿಯ ಮಣಿಕಟ್ಟು ಮುರಿಯಿತು. ಮಿಕ್ಕವರು ತರಚು ಗಾಯದಲ್ಲಿ ಪಾರಾದರು. ಏರಿಯ ಎಡಕ್ಕೆ ಕಣ, ಬಲಕ್ಕೆ ತುಂಬಿದ ಕೆರೆ. ಬಸ್ಸು ಬಲಕ್ಕೆ ತಿರುಗಿದ್ದರೆ ಏನಾಗುತ್ತಿತ್ತೆಂದು ಅಣ್ಣ ಬಾಯಿಬಿಟ್ಟು ಹೇಳಲೇ ಇಲ್ಲ. ರಿಪೇರಿ ಖರ್ಚನ್ನು ಮಾಲೀಕರು ತಿಂಗಳಿಗೆ 20 ರೂಪಾಯಿಯಂತೆ ಅವನ ಸಂಬಳದಲ್ಲೇ ಮುರಿದುಕೊಂಡರು.

ಒಂದು ಭಾನುವಾರ ಅಣ್ಣ ಆ ಪುಸ್ತಕ ನನ್ನ ಮುಂದಿಟ್ಟ. “ಲೋ, ನೀನು ಬ್ಯಾಂಕಿನೋನು. ಇದನ್ನ ಸ್ವಲ್ಪ ಕೂಡಿ ಹೇಳೋ. ನಂಗೆ ಎಷ್ಟು ಬರ್ಬೇಕಿತ್ತು ಅಂತ.”

ಮಕ್ಕಳೇ, ಈ ಲೆಕ್ಕ ನೀವೂ ಮಾಡಿ

ಅಣ್ಣನ ಸಂಬಳ ತಿಂಗಳಿಗೆ 260 ರೂಪಾಯಿ. ತಿಂಗಳಿಗೆ 26 ದಿನದ ಕೆಲಸ ಎಂದು ಹಿಡಿದರೆ ದಿನಕ್ಕೆ 10 ರೂಪಾಯಿ. ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ 1 ರೂಪಾಯಿ 25 ಪೈಸೆ. ಕಾನೂನಿನ ಪ್ರಕಾರ ಹೆಚ್ಚುವರಿ ಗಂಟೆಗೆ ಇಮ್ಮಡಿ, ಅಂದರೆ 2 ರೂಪಾಯಿ 50 ಪೈಸೆ.

ಬೆಳಗ್ಗೆ 5ರಿಂದ ರಾತ್ರಿ 9ಕ್ಕೆ 16 ಗಂಟೆ. ಬಿಡುವಿನ 3 ಗಂಟೆ ಕಳೆದರೆ 13. ಎಂಟರ ಮೇಲೆ 5 ಗಂಟೆ. ಐದನ್ನು ಎರಡೂವರೆಯಿಂದ ಗುಣಿಸಿದರೆ ದಿನಕ್ಕೆ 12 ರೂಪಾಯಿ 50 ಪೈಸೆ. ತಿಂಗಳಿಗೆ 325 ರೂಪಾಯಿ!

ಉತ್ತರ ಬಂದಾಗ ನಾನು ಎರಡು ಸಲ ತಾಳೆ ನೋಡಿದೆ. ಅಣ್ಣನಿಗೆ ಸಿಗುತ್ತಿದ್ದ ಸಂಬಳಕ್ಕಿಂತ ಸಿಗದೇ ಹೋದ ಓವರ್‌ಟೈಮೇ ಜಾಸ್ತಿ. ವಾರದ ಬಿಡುವಿನ ದಿನ ಬಸ್ಸು ತೊಳೆದದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಾಸನದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಬಹುದೆಂದು ಯಾರೋ ಅಣ್ಣನಿಗೆ ಹೇಳಿದ್ದರು. ಅವನು ನನ್ನ ಮುಖ ನೋಡಿದ. ನಾನು ಹೇಳಿದ್ದಿಷ್ಟು: “ಸುಮ್ನಿರಣ್ಣ. ಇರೋ ಕೆಲಸವೂ ಹೋದೀತು.”

ಅಣ್ಣ ಪುಸ್ತಕ ಮುಚ್ಚಿದ. “ಆಯ್ತು ಬುಡು” ಅಂದ. ನನ್ನ ಕೈಯಲ್ಲಿ ಹೊಸ ಗಡಿಯಾರವಿತ್ತು. ಮುಂದೆ ಅವನು ಬಸ್ಸು ಬಿಟ್ಟು ಲಾರಿ ಓಡಿಸಿದ, ಆಮೇಲೆ ಟ್ರ್ಯಾಕ್ಟರ್. ಈಗ ಅಣ್ಣ ಇಲ್ಲ. ಆ ಮಾತು ಮಾತ್ರ ನನ್ನ ಹತ್ತಿರ ಉಳಿದಿದೆ.

ಕಾಯ್ದೆ ಏನು ಹೇಳುತ್ತಿತ್ತು

ನಿವೃತ್ತಿಯಾದ ಮೇಲೆ ಪುರುಸೊತ್ತಾಗಿ ಕೂತು ಆ ಕಾಯ್ದೆ ಓದಿದೆ. ಹೆಸರು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961. ಇಡೀ ದೇಶಕ್ಕೆ ಅನ್ವಯಿಸುತ್ತಿದ್ದ ಕಾನೂನು. ಅದಕ್ಕೂ ಮೊದಲು 1939ರ ಮೋಟಾರು ವಾಹನ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ ಎಂದು ಗೆರೆ ಎಳೆದಿತ್ತು. 1961ರ ಕಾಯ್ದೆ ಅದನ್ನು ದಿನಕ್ಕೆ 8, ವಾರಕ್ಕೆ 48 ಎಂದು ಇಳಿಸಿತು.

ಐದು ಗಂಟೆ ಕೆಲಸವಾಗುವುದರೊಳಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕಿತ್ತು. ಬಿಡುವೂ ಸೇರಿ ಒಂದು ದಿನದ ಕೆಲಸ ಶುರುವಿನಿಂದ ಕೊನೆಯವರೆಗೆ 12 ಗಂಟೆಯೊಳಗೆ ಮುಗಿಯಬೇಕಿತ್ತು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಒಂದೇ ಸಮನೆ 9 ಗಂಟೆ ವಿಶ್ರಾಂತಿ ಇರಬೇಕಿತ್ತು. ಏಳು ದಿನಕ್ಕೊಂದು ರಜೆ ಬೇಕಿತ್ತು.

ಇನ್ನು ಅಣ್ಣನ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 12 ಗಂಟೆಯೊಳಗೆ ಮುಗಿಯಬೇಕಾದ ದಿನ 16 ಗಂಟೆ ಹಿಡಿಯುತ್ತಿತ್ತು. ರಾತ್ರಿ 9ಕ್ಕೆ ನಿಂತು ಬೆಳಗ್ಗೆ 5ಕ್ಕೆ ಹೊರಟರೆ ವಿಶ್ರಾಂತಿ 8 ಗಂಟೆ. ಅದರಲ್ಲೇ ಮನೆಗೆ ನಡೆದು, ಉಂಡು, ಮಲಗಿ, ಎದ್ದು ಬರಬೇಕು. ನಿದ್ದೆ ಎಷ್ಟು ಉಳಿಯಿತು ಹೇಳಿ?

ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿದ್ದು ‘ಕೆಲಸದ ಗಂಟೆ’ ಎಂದರೆ ಏನೆಂದು ಕಾಯ್ದೆ ಹೇಳಿರುವ ಮಾತು. ಸ್ಟೀರಿಂಗ್ ಹಿಡಿದ ಹೊತ್ತು ಮಾತ್ರ ಕೆಲಸವಲ್ಲ. ಹಣ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಟಿಕೆಟ್ ಲೆಕ್ಕ ಒಪ್ಪಿಸುವುದು, ಬಸ್ಸನ್ನು ವಹಿಸಿಕೊಳ್ಳುವುದು, ತಂದು ನಿಲ್ಲಿಸುವುದು, ಬಸ್ಸಿನ ದುರಸ್ತಿ, ಎಲ್ಲವೂ ಕೆಲಸವೇ. ಕೊನೆಯ ನಿಲ್ದಾಣದಲ್ಲಿ ಹದಿನೈದು ನಿಮಿಷದೊಳಗಿನ ಕಾಯುವಿಕೆಯೂ ಕೆಲಸವೇ. ರಾತ್ರಿ ಡಿಪೊ ಕೌಂಟರಿನ ಮುಂದೆ ಚೀಲ ಹಿಡಿದು ಸಾಲಿನಲ್ಲಿ ನಿಂತ ಕಂಡಕ್ಟರನ್ನು ನೋಡಿದರೆ ‘ಇವರ ಕೆಲಸ ಮುಗಿಯಿತು’ ಎಂದುಕೊಳ್ಳಬೇಡಿ. ಮುಗಿದಿಲ್ಲ.

ಹಾಗಾದರೆ ಮೊಮ್ಮಗ ಕೇಳಿದ ಪ್ರಶ್ನೆ? ರಾತ್ರಿ ಬಸ್ಸಿನಲ್ಲಿ ಮಲಗಿದ್ದು ಡ್ಯೂಟಿಯೇ? ಮಾಲೀಕನ ಅಧೀನದಲ್ಲಿರುವ ಹೊತ್ತು ಕೆಲಸದ ಹೊತ್ತು ಎನ್ನುತ್ತಿತ್ತು ಕಾಯ್ದೆ. ತನ್ನ ಇಷ್ಟದಂತೆ ಕಳೆಯಬಹುದಾದ ಬಿಡುವು ವಿಶ್ರಾಂತಿ. ಹಾಗಾಗಿ ನಿಜವಾಗಿ ಬಿಡುವಾಗಿ ಮಲಗಿದರೆ ಅದು ವಿಶ್ರಾಂತಿ, ಡ್ಯೂಟಿಯಲ್ಲ. ಆದರೆ ಅದು 9 ಗಂಟೆಗೆ ಕಮ್ಮಿಯಾಗಬಾರದಿತ್ತು. ಬಸ್ಸು ಕಾಯುತ್ತಾ, ಸೊಳ್ಳೆ ಹೊಡೆಯುತ್ತಾ, ಅರ್ಧ ಕಣ್ಣು ತೆರೆದು ಮಲಗಿದವನು ಎಷ್ಟು ಬಿಡುವಾಗಿರುತ್ತಾನೆ? ಅದಕ್ಕೆ ಒಂದೇ ಗೆರೆಯ ಉತ್ತರವಿಲ್ಲ. ಡ್ರೈವರ್ ನಕ್ಕಿದ್ದು ಅದಕ್ಕೇ ಇರಬೇಕು.

ಜಾತ್ರೆಗೊಂದು ಕಿಂಡಿ, ಮಳೆಗೊಂದು ಕಿಂಡಿ

ಎಂಟು ಗಂಟೆ ಎಂದರೆ ಎಂಟೇ, ಎಂದು ಕಾಯ್ದೆ ಹಟ ಹಿಡಿದಿರಲಿಲ್ಲ. ದೂರದ ಮಾರ್ಗ, ಹಬ್ಬ, ಉತ್ಸವ, ಇವಕ್ಕೆ ಅಧಿಕಾರಿಗಳ ಒಪ್ಪಿಗೆ ಪಡೆದು ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಯವರೆಗೆ ದುಡಿಸಬಹುದಿತ್ತು. ಆ ಹೆಚ್ಚಿನ ಗಂಟೆಗೇ ಇಮ್ಮಡಿ ಕೂಲಿ. ರಜೆಯ ದಿನ ದುಡಿಸಿದರೂ ಇಮ್ಮಡಿ.

ಇದರ ಅರ್ಥ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಹಿರೀಸಾವೆಯಿಂದಲೇ ಶ್ರವಣಬೆಳಗೊಳಕ್ಕೆ ದಾರಿ ತಿರುಗುತ್ತದೆ. 1981ರ ಫೆಬ್ರವರಿಯಲ್ಲಿ ಬಾಹುಬಲಿಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕ ನಡೆದಾಗ ಎಲ್ಲೆಲ್ಲಿಯ ಬಸ್ಸುಗಳೋ ಈ ದಾರಿ ತುಂಬಿದ್ದವು. 1993, 2006, 2018ರ ಅಭಿಷೇಕಗಳಲ್ಲೂ ಹಾಗೇ. ಅಂಥ ದಿನ ‘ನನ್ನ ಎಂಟು ಗಂಟೆ ಆಯ್ತು’ ಎಂದು ಡ್ರೈವರ್ ನಡುದಾರಿಯಲ್ಲಿ ಇಳಿದು ಹೋದರೆ ಯಾತ್ರಿಕರ ಗತಿಯೇನು? ಅದಕ್ಕೇ ಈ ಕಿಂಡಿ.

ಇನ್ನೊಂದು ಕಿಂಡಿ ಬಸ್ಸು ಕೆಟ್ಟಾಗ, ರಸ್ತೆ ಕಟ್ಟಿಕೊಂಡಾಗ, ದೈವಿಕ ಆಪತ್ತು ಬಂದಾಗ. ನಮ್ಮ ಊರಿನ ಹೆದ್ದಾರಿಯೇ ಮುಂದೆ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. 2018ರಲ್ಲಿ, 2024ರಲ್ಲಿ ಮಳೆಗೆ ಗುಡ್ಡ ಕುಸಿದಾಗ ಆ ದಾರಿ ನಿಂತಿತ್ತು. ಅಂಥ ರಾತ್ರಿ ಗಡಿಯಾರ ನೋಡಿ ಬಸ್ಸು ಬಿಟ್ಟು ಹೋಗಲಾಗುವುದಿಲ್ಲ. ಕಿಂಡಿ ಇರಲಿ. ಅದು ದಿನನಿತ್ಯದ ಬಾಗಿಲಾಗಬಾರದು, ಅಷ್ಟೆ.

ಕಾಯ್ದೆಗೊಂದು ಮಿತಿಯೂ ಇತ್ತು. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಬಸ್ ಉದ್ಯಮಕ್ಕೆ ಅದು ತಾನಾಗಿಯೇ ಅನ್ವಯವಾಗುತ್ತಿತ್ತು. ಎರಡು ಬಸ್ಸಿಗೆ ಇಬ್ಬರು ಡ್ರೈವರು, ಇಬ್ಬರು ಕಂಡಕ್ಟರು, ಇಬ್ಬರು ಕ್ಲೀನರು, ಒಟ್ಟು ಆರು ಜನ. ಆದರೆ ಅಣ್ಣನ ಮಾಲೀಕರ ಹಾಜರಿ ಪುಸ್ತಕದಲ್ಲಿ ನಾಲ್ಕೇ ಹೆಸರು. ಕ್ಲೀನರ್ ಹುಡುಗರಿಬ್ಬರೂ ಪುಸ್ತಕದಲ್ಲಿ ಇರಲೇ ಇಲ್ಲ. ಅಣ್ಣನೂ ಅಂಥ ಹುಡುಗನಾಗಿಯೇ ಸೇರಿದ್ದವನು.

ಇಮ್ಮಡಿ ಏಕೆ?

“ಒಂದೂವರೆ ಕೊಟ್ಟರೆ ಸಾಲದಾ ತಾತ? ಡಬಲ್ ಯಾಕೆ?” ಎಂದ ಮೊಮ್ಮಗ.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಇಮ್ಮಡಿ ಕೂಲಿ ದುಡಿದವನಿಗೆ ಕೊಡುವ ಇನಾಮಲ್ಲ. ಅದು ಹೆಚ್ಚಾಗಿ ಒಂದು ಬೇಲಿ. ಹೆಚ್ಚುವರಿ ಗಂಟೆ ಮಾಲೀಕನ ಕಿಸೆಗೆ ಭಾರವಾಗಬೇಕು. ‘ಒಬ್ಬನನ್ನೇ ಹಗಲೂ ರಾತ್ರಿ ದುಡಿಸುವುದಕ್ಕಿಂತ ಇನ್ನೊಬ್ಬನನ್ನು ನೇಮಿಸಿಕೊಳ್ಳುವುದೇ ವಾಸಿ’ ಎಂದು ಅವನ ಲೆಕ್ಕದ ಪುಸ್ತಕವೇ ಅವನಿಗೆ ಹೇಳಬೇಕು. ಆ ಭಾರ ಇಲ್ಲದಿದ್ದರೆ ಹದಿಮೂರು ಗಂಟೆ ಅಗ್ಗವಾಗಿಬಿಡುತ್ತದೆ, ಅಣ್ಣನದು ಆದಂತೆ.

ಬೇಲಿಗೆ ಇನ್ನೊಂದು ಮುಖವೂ ಇದೆ. ಮಗಳ ಮದುವೆ, ಮಗನ ಫೀಸು, ಸಾಲದ ಕಂತು ಇರುವ ಡ್ರೈವರ್ ತಾನಾಗಿಯೇ ‘ಡಬಲ್ ಡ್ಯೂಟಿ ಕೊಡಿ ಸಾರ್’ ಎಂದು ಕೇಳುವುದುಂಟು. ಆಗ ಅವನು ಮಾರುವುದು ಬರೀ ದುಡಿಮೆಯನ್ನಲ್ಲ, ನಿದ್ದೆಯನ್ನು. ಅದರಲ್ಲಿ ಹಿಂದೆ ಕೂತವರ ಪ್ರಾಣವೂ ಸೇರಿರುತ್ತದೆ. ಅದಕ್ಕೇ ಕಾಯ್ದೆ ಇಮ್ಮಡಿ ಎಂದು ಹೇಳಿ ಸುಮ್ಮನಾಗದೆ ಹತ್ತಕ್ಕೆ ಗೆರೆ ಎಳೆದಿತ್ತು. ಅಣ್ಣನ ಐದು ಹೆಚ್ಚುವರಿ ಗಂಟೆಗೂ ನಾನು ಅಂದು ಇಮ್ಮಡಿ ಹಾಕಿ ಕೂಡಿದ್ದೆ. ನಿಜಕ್ಕೂ ಹತ್ತರ ಮೇಲಿನ ಮೂರು ಗಂಟೆಗೆ ಬೆಲೆ ಕಟ್ಟಲೇಬಾರದಿತ್ತು. ಎಷ್ಟು ದುಡ್ಡು ಕೊಟ್ಟರೂ ದುಡಿಸಬಾರದ ಗಂಟೆಗಳು ಅವು.

ಇನ್ನೊಂದು ಸಣ್ಣ ಲೆಕ್ಕ ಮಾಡಿ, ಮಕ್ಕಳೇ. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? ಸುಮಾರು 22 ಮೀಟರ್. ಡ್ರೈವರ್ ಮೂರೇ ಸೆಕೆಂಡು ತೂಕಡಿಸಿದರೆ ಬಸ್ಸು ಹಿಡಿಯುವವರಿಲ್ಲದೆ 66 ಮೀಟರ್ ಓಡಿರುತ್ತದೆ. ನಿಮ್ಮ ಶಾಲೆಯ ಮೈದಾನ ಎಷ್ಟುದ್ದ ಇದೆ, ಅಳೆದು ನೋಡಿ. ಬೆಳಗಿನ ಜಾವ ಎರಡರಿಂದ ಐದರ ನಡುವೆ ನಿದ್ದೆಯ ಒತ್ತಡ ತುಂಬ ಜಾಸ್ತಿ. ಅದನ್ನು ಟೀ ಕುಡಿದು ಗೆಲ್ಲಲಾಗುವುದಿಲ್ಲ. ನಿದ್ದೆಗೆ ನಿದ್ದೆಯೇ ಮದ್ದು.

ಯುರೋಪಿನ ದೇಶಗಳಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಲೇಬೇಕು. ದೂರದ ಬಸ್ಸು, ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಓಡಿದ ಹೊತ್ತು, ನಿಂತ ಹೊತ್ತು ಎರಡನ್ನೂ ತಾನೇ ಬರೆದಿಡುತ್ತದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಅಣ್ಣನ ನೀಲಿ ಪುಸ್ತಕ. ಅಲ್ಲಿ ಯಂತ್ರ ಮಾಡುವ ಕೆಲಸವನ್ನು ಅಣ್ಣ ಪೆನ್ಸಿಲಿನಲ್ಲಿ ಮಾಡಿದ್ದ.

ಸರ್ಕಾರಿ ಬಸ್ಸಿನ ದಾರಿ

ನಮ್ಮ ರಾಜ್ಯದ ಸರ್ಕಾರಿ ಬಸ್ಸಿಗೆ ಮುಕ್ಕಾಲು ಶತಮಾನ ದಾಟಿದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಡ್ರೈವರುಗಳ ಗಂಟೆ ಎಣಿಸುವ ಕಾಯ್ದೆ ಬಂದದ್ದೂ ಅದೇ ವರ್ಷ. ಈಗ ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ವೇತನ ಪರಿಷ್ಕರಣೆ ಕೇಳಿ 2021ರ ಏಪ್ರಿಲ್‌ನಲ್ಲಿ ಅವುಗಳ ನೌಕರರು ಎರಡು ವಾರ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ನನ್ನ ಹೆಂಡತಿ ಧರ್ಮಸ್ಥಳ ನೋಡಿ ಬಂದದ್ದು ಹಾಗೇ. ಬಸ್ಸು ತುಂಬಿದಷ್ಟೂ ಹತ್ತಿಸುವ, ಇಳಿಸುವ, ನಿಲ್ಲಿಸುವ ಹೊತ್ತು ಹೆಚ್ಚುತ್ತದೆ. ಆ ಹೊತ್ತೂ ಯಾರದೋ ಕೆಲಸದ ಹೊತ್ತೇ.

1961ರ ಆ ಕಾಯ್ದೆಯನ್ನು 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೊಳಗೆ ಸೇರಿಸಿದ್ದಾರೆ. ಹೆಸರು ಬದಲಾಯಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಎಂಬ ಮಾತು ಉಳಿದಿದೆ.

ನಾವೇನು ಮಾಡಬಹುದು?

ನನ್ನ ವಯಸ್ಸಿನವರಿಗೆ ಒಂದು ಮಾತು. ದಾರಿಯಲ್ಲಿ ಡ್ರೈವರ್ ಹೋಟೆಲ್ ಹತ್ತಿರ ಬಸ್ಸು ನಿಲ್ಲಿಸಿದರೆ ‘ಲೇಟಾಯ್ತು, ಬೇಗ ಬಿಡ್ರೀ’ ಎಂದು ಬಾಗಿಲು ಬಡಿಯುವವರಲ್ಲಿ ನಾವೇ ಮೊದಲಿಗರು. ಆ ಬಿಡುವು ಡ್ರೈವರಿಗೆ ಕಾನೂನು ಕೊಟ್ಟಿರುವ ಹಕ್ಕು, ನಮಗೆ ರಕ್ಷಣೆ. ಮದುವೆಗೆ, ಯಾತ್ರೆಗೆ ಪ್ರೈವೇಟ್ ಬಸ್ಸು, ಟಿ.ಟಿ. ಗೊತ್ತು ಮಾಡುವಾಗ ‘ಕಿಲೋಮೀಟರಿಗೆ ಎಷ್ಟು?’ ಎಂದು ಚೌಕಾಸಿ ಮಾಡುತ್ತೇವೆ. ‘ಡ್ರೈವರ್ ನಿನ್ನೆ ರಾತ್ರಿ ಮಲಗಿದ್ದಾರಾ? ರಾತ್ರಿಯೆಲ್ಲ ಓಡಿಸೋದಾದ್ರೆ ಇನ್ನೊಬ್ಬ ಡ್ರೈವರ್ ಇದ್ದಾರಾ?’ ಎಂದು ಕೇಳುತ್ತೇವೆಯೇ? ಇನ್ನು ಮೇಲೆ ಕೇಳೋಣ. ಅವರಿಗೂ ಮಲಗಲು ಒಂದು ಕೋಣೆ ಗೊತ್ತು ಮಾಡೋಣ.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ ದುಡಿಯಲು ಹೋಗುತ್ತಿದ್ದರೆ, ಡ್ರೈವರೇ ಆಗಲಿ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮನೇ ಆಗಲಿ, ಒಂದು ತಿಂಗಳು ಅವರ ಹೊತ್ತು ಬರೆದಿಡಿ. ಹೋದದ್ದು, ಬಂದದ್ದು, ನಡುವಿನ ಬಿಡುವು. ತಿಂಗಳ ಕೊನೆಗೆ ಕೂಡಿ. ಬರೆದಿಡದ ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಕೂಡಿ ಹೇಳಿದ ಮೇಲೆ, ನಾನು ಹೇಳಿದಂತೆ ‘ಸುಮ್ನಿರಿ’ ಎಂದು ಮಾತ್ರ ಹೇಳಬೇಡಿ.

ರಜೆ ಮುಗಿದು ಮೊಮ್ಮಗನನ್ನು ಬೆಂಗಳೂರು ಬಸ್ಸಿಗೆ ಹತ್ತಿಸಲು ಹಿರೀಸಾವೆ ಸ್ಟಾಪಿನಲ್ಲಿ ನಿಂತಿದ್ದೆ. ಅವನು ಹತ್ತಿದವನೇ ಸೀಟು ಹಿಡಿಯಲು ಓಡದೆ ಮುಂದೆ ಹೋಗಿ, “ಅಂಕಲ್, ನೀವು ಎಷ್ಟು ಗಂಟೆಗೆ ಡ್ಯೂಟಿ ಶುರು ಮಾಡಿದ್ರಿ?” ಎಂದು ಕೇಳಿದ. ಡ್ರೈವರ್ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು ಏನೋ ಹೇಳಿದರು. ಹೊರಗಿದ್ದ ನನಗೆ ಕೇಳಿಸಲಿಲ್ಲ. ಬಸ್ಸು ಹೊರಟಾಗ ಅವನು ಕಿಟಕಿಯಿಂದ ಕೈ ಆಡಿಸಿದ. ಕೈಯಲ್ಲಿ ಅಣ್ಣನ ನೀಲಿ ರಟ್ಟಿನ ಪುಸ್ತಕವಿತ್ತು. ಪ್ರತಿ ಪುಟವನ್ನೂ ಕೂಡಿ ಮುಗಿಸಿ ಸಂಕ್ರಾಂತಿಗೆ ಬಂದಾಗ ಒಟ್ಟು ಮೊತ್ತ ಹೇಳುತ್ತೇನೆ ಎಂದು ಒಯ್ದಿದ್ದಾನೆ. ನಲವತ್ತೇಳು ವರ್ಷ ತಡವಾಗಿಯಾದರೂ ಆ ಲೆಕ್ಕ ಪೂರ್ತಿಯಾಗಲಿ.